ಕಿತ್ತೂರಿನ ಎಕ್ಸ್‌ಚೇಂಜ್‌ನಿಂದ ಕೆ3ಎಸ್‌ವರೆಗೆ: ದಾರಿ ತೋರಿಸುವವರ ಚರಿತ್ರೆ

ಕಳೆದ ಮಳೆಗಾಲದಲ್ಲಿ ರೈತರೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. "ಸರ್, ಆರು ವರ್ಷದ ಹಿಂದ ನಮ್ಮೂರ ಕಾಲುವೆ ಪರಿಹಾರದ ಬಗ್ಗೆ ಬರದಿದ್ರಲ್ಲ, ಅದರ ಪ್ರತಿ ಬೇಕಾಗಿತ್ರಿ. ವಕೀಲರು ಕೇಳ್ಯಾರ" ಎಂದರು. ವರದಿ ಬರೆದದ್ದು ನಮಗೆ ಚೆನ್ನಾಗಿ ನೆನಪಿತ್ತು. ಮೊಬೈಲ್‌ನಲ್ಲಿ ಹಳೆಯ ಲಿಂಕ್ ಕೂಡ ಇತ್ತು. ಒತ್ತಿದರೆ ಪುಟವೇ ಇಲ್ಲ. ಆ ಪತ್ರಿಕೆ ತನ್ನ ಜಾಲತಾಣವನ್ನು ಹೊಸದಾಗಿ ಕಟ್ಟಿಸಿಕೊಂಡಾಗ ಹಳೆಯ ವಿಳಾಸಗಳೆಲ್ಲ ಹೋಗಿದ್ದವು. ವರದಿ ಎಲ್ಲೋ ಒಂದು ಡಿಸ್ಕ್‌ನಲ್ಲಿ ಈಗಲೂ ಇದ್ದೀತು. ಆದರೆ ಅಲ್ಲಿಗೆ ಹೋಗುವ ದಾರಿ ಉಳಿದಿರಲಿಲ್ಲ.

ಸ್ಟ್ರಿಂಗರ್‌ಗಳಿಗೆ ಇದು ಹೊಸದಲ್ಲ. ಸುದ್ದಿ ನಮ್ಮದು, ಪುಟ ಅವರದು. ಅಂದೇ ಕೂತು ಮಾತಾಡಿ, ನಮ್ಮ ವರದಿಗಳ ಕಡತವನ್ನು ನಾವೇ ಇಟ್ಟುಕೊಳ್ಳೋಣ ಎಂದು ತೀರ್ಮಾನಿಸಿದೆವು. ಒಂದು ಹಳೆಯ ಡೆಸ್ಕ್‌ಟಾಪ್, ಎರಡು ರಾಸ್ಪ್‌ಬೆರಿ ಪೈ, ಬ್ರಾಡ್‌ಬ್ಯಾಂಡ್‌ನವರಿಂದ ಬಾಡಿಗೆಗೆ ಪಡೆದ ಒಂದು ಸ್ಥಿರ ವಿಳಾಸ. ಇಷ್ಟೇ ನಮ್ಮ ಬಂಡವಾಳ. ಈ ಮೂರು ಯಂತ್ರಗಳನ್ನು ಒಂದು ಕ್ಲಸ್ಟರ್ ಮಾಡಲು ಕೆ3ಎಸ್ ಎಂಬ ಹಗುರ ತಂತ್ರಾಂಶ ಆರಿಸಿಕೊಂಡೆವು. ಅದನ್ನು ಹಾಕುವುದು ಒಂದೇ ಸಾಲಿನ ಕೆಲಸ. ಹೊರಗಿನಿಂದ ಬಂದವರನ್ನು ಸರಿಯಾದ ಕಡೆಗೆ ಕಳಿಸುವ ವ್ಯವಸ್ಥೆ ಮಾಡಿಕೊಳ್ಳಲು ಮಾತ್ರ ನಮಗೆ ಹತ್ತು ದಿನ ಹಿಡಿಯಿತು. ಆ ಹತ್ತು ದಿನದಲ್ಲಿ ಓದಿ ತಿಳಿದುಕೊಂಡ ಚರಿತ್ರೆಯೇ ಈ ಬರಹ.

ಹೆಣ ಸಾಗಿಸುವವನ ಸಿಟ್ಟು

ಬಂದ ಕರೆಯನ್ನು ಯಾರ ಕಡೆಗೆ ತಿರುಗಿಸಬೇಕು ಎಂಬ ಪ್ರಶ್ನೆ ಕಂಪ್ಯೂಟರ್‌ಗಿಂತ ಹಳೆಯದು. ಟೆಲಿಫೋನಿನ ಆರಂಭದ ದಿನಗಳಲ್ಲಿ ಎಕ್ಸ್‌ಚೇಂಜ್‌ನಲ್ಲಿ ಕೂತ ಆಪರೇಟರ್ ಕೈಯಿಂದಲೇ ತಂತಿ ಜೋಡಿಸಬೇಕಿತ್ತು. ಅಮೆರಿಕದ ಕಾನ್ಸಾಸ್ ಸಿಟಿಯ ಆಲ್ಮನ್ ಸ್ಟ್ರೌಜರ್ ಅಂತ್ಯಕ್ರಿಯೆ ನಡೆಸಿಕೊಡುವ ವೃತ್ತಿಯವನು. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ತನ್ನ ಎದುರಾಳಿಗೆ ತಿರುಗಿಸುತ್ತಾಳೆ, ಆಕೆ ಆ ಎದುರಾಳಿಯ ಕಡೆಯವಳು ಎಂಬ ಗುಮಾನಿ ಅವನಿಗಿತ್ತು ಎಂಬ ಕಥೆ ಇಂದಿಗೂ ಪ್ರಚಲಿತ. ಕಥೆ ಏನೇ ಇರಲಿ, ಆಪರೇಟರ್ ಇಲ್ಲದೆಯೇ ಕರೆ ಜೋಡಿಸುವ ಯಂತ್ರಕ್ಕೆ ಅವನು 1891ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ ಆ ಬಗೆಯ ಮೊದಲ ಎಕ್ಸ್‌ಚೇಂಜ್ ಶುರುವಾಯಿತು.

ದಾರಿ ತೋರಿಸುವವರ ಕೈಯಲ್ಲಿ ದೊಡ್ಡ ಅಧಿಕಾರ ಇರುತ್ತದೆ ಎಂಬುದು ಈ ಕಥೆಯ ತಿರುಳು. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಜಗಲಿಯ ಮೇಲೆ ಗಂಟೆಗಟ್ಟಲೆ ಕಾದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಿತ್ತೂರಿನ ಪೆಟ್ಟಿಗೆ

ಕಿತ್ತೂರು ಎಂದರೆ ನಮಗೆ ರಾಣಿ ಚೆನ್ನಮ್ಮ. ಆದರೆ ದೂರಸಂಪರ್ಕದ ಚರಿತ್ರೆಯಲ್ಲೂ ಆ ಊರಿಗೆ ಒಂದು ಜಾಗವಿದೆ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದ ಪ್ರಮುಖರು. ವಿದೇಶಿ ಎಕ್ಸ್‌ಚೇಂಜ್‌ಗಳು ದೊಡ್ಡ ನಗರಗಳಿಗೆ ಮಾಡಿದಂಥವು. ಅವುಗಳಿಗೆ ಹವಾನಿಯಂತ್ರಿತ ಕೋಣೆ ಬೇಕು. ನಮ್ಮ ಹಳ್ಳಿಗಳಲ್ಲಿ ಇರುವುದು ಬಿಸಿಲು, ಧೂಳು ಮತ್ತು ಹೋಗಿ ಬರುವ ಕರೆಂಟು. ಈ ಸ್ಥಿತಿಯಲ್ಲೂ, ಎ.ಸಿ. ಇಲ್ಲದೆ ನಡೆಯುವ 128 ಪೋರ್ಟಿನ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜನ್ನು ಸಿ-ಡಾಟ್ ರೂಪಿಸಿತು. ಅದರ ಮೊದಲನೆಯದು 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಶುರು ಮಾಡಿತು. ಮುಂದೆ ಹಳ್ಳಿಹಳ್ಳಿಗೆ ಬಂದ ಎಸ್‌ಟಿಡಿ ಬೂತುಗಳ ಹಿಂದೆ ಈ ಬಗೆಯ ಪೆಟ್ಟಿಗೆಗಳ ದುಡಿಮೆ ಇದೆ.

ದೊಡ್ಡವರಿಗಾಗಿ ಮಾಡಿದ್ದನ್ನು ಹಗುರ ಮಾಡಿ, ಕಷ್ಟದ ಜಾಗಕ್ಕೆ ಒಯ್ಯುವುದು. ಮೂವತ್ತಮೂರು ವರ್ಷದ ಮೇಲೆ ಕಂಟೇನರ್ ಲೋಕದಲ್ಲಿ ನಡೆದದ್ದೂ ಇದೇ ಬಗೆಯ ಕೆಲಸ.

ಟಪಾಲು ಶಾಖೆ ಬೇಕಾದ ಕಾಲ

ವೆಬ್‌ನ ಮೊದಲ ವರ್ಷಗಳಲ್ಲಿ ಒಂದು ಐಪಿ ವಿಳಾಸಕ್ಕೆ ಒಂದೇ ಜಾಲತಾಣ ಎಂಬಂತೆ ಇತ್ತು. 1997ರಲ್ಲಿ ಎಚ್‌ಟಿಟಿಪಿ 1.1 ಬಂದಾಗ, "ನನಗೆ ಇಂಥ ಹೆಸರಿನ ತಾಣ ಬೇಕು" ಎಂದು ಪ್ರತಿ ಬ್ರೌಸರ್ ಹೇಳಲೇಬೇಕು ಎಂಬ ನಿಯಮವಾಯಿತು. ಆ ಒಂದು ಸಾಲಿನಿಂದಾಗಿ ಒಂದೇ ಬಾಗಿಲಲ್ಲಿ ನೂರು ತಾಣಗಳ ಓದುಗರನ್ನು ಬರಮಾಡಿಕೊಂಡು, ಹೆಸರು ನೋಡಿ ಬೇರೆಬೇರೆ ಕಡೆ ಕಳಿಸುವುದು ಸಾಧ್ಯವಾಯಿತು. 2004ರಲ್ಲಿ ರಷ್ಯಾದ ಇಗೋರ್ ಸಿಸೋಯೆವ್ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಈ ಕೆಲಸದಲ್ಲಿ ಹೆಸರು ಮಾಡಿತು.

2013ರಲ್ಲಿ ಡಾಕರ್ ಬಂತು. ತಂತ್ರಾಂಶವನ್ನು ಅದಕ್ಕೆ ಬೇಕಾದ ಸಾಮಾನುಗಳ ಸಮೇತ ಒಂದು ಡಬ್ಬಿಗೆ ತುಂಬಿ, ಎಲ್ಲಿ ಬೇಕಾದರೂ ಇಳಿಸುವ ವಿಧಾನ ಜನಪ್ರಿಯವಾಯಿತು. ಮರುವರ್ಷ ಗೂಗಲ್ ಕುಬರ್ನೆಟೀಸ್ ಅನ್ನು ಹೊರತಂದಿತು. ಗ್ರೀಕ್‌ನಲ್ಲಿ ಹಾಗೆಂದರೆ ಹಡಗಿನ ಚುಕ್ಕಾಣಿ ಹಿಡಿದವನು. ಯಾವ ಡಬ್ಬಿ ಯಾವ ಯಂತ್ರದಲ್ಲಿರಬೇಕು, ಒಂದು ಸತ್ತರೆ ಇನ್ನೊಂದನ್ನು ಎಲ್ಲಿ ಎಬ್ಬಿಸಬೇಕು ಎಂದು ನೋಡಿಕೊಳ್ಳುವುದು ಅದರ ಕೆಲಸ.

ತೊಡಕು ಇಲ್ಲಿಯೇ ಬಂತು. ಡಬ್ಬಿ ಸತ್ತು ಹುಟ್ಟಿದಾಗಲೆಲ್ಲ ಅದರ ವಿಳಾಸ ಬದಲಾಗುತ್ತದೆ. ತಾಲ್ಲೂಕು ಕಚೇರಿಯನ್ನು ನೆನೆಸಿಕೊಳ್ಳಿ. ವಿಷಯ ನಿರ್ವಾಹಕರು ವರ್ಗವಾಗುತ್ತಾರೆ, ರಜೆ ಹಾಕುತ್ತಾರೆ, ಮೇಜು ಬದಲಿಸುತ್ತಾರೆ. ಅರ್ಜಿ ತಂದ ರೈತನಿಗೆ ಅದೆಲ್ಲ ತಿಳಿಯುವುದಿಲ್ಲ. ಅವನು ಟಪಾಲು ಶಾಖೆಯಲ್ಲಿ ಅರ್ಜಿ ಕೊಡುತ್ತಾನೆ. ಅದು ಇಂದು ಯಾವ ಮೇಜಿಗೆ ಹೋಗಬೇಕು ಎಂಬುದು ಟಪಾಲು ಗುಮಾಸ್ತರಿಗೆ ಗೊತ್ತು.

ಕುಬರ್ನೆಟೀಸ್‌ಗೆ ಅಂಥ ಟಪಾಲು ಶಾಖೆಯ ನಿಯಮ ಬರೆಯಲು 2015ರಲ್ಲಿ 'ಇನ್‌ಗ್ರೆಸ್' ಬಂತು. ಈ ಹೆಸರಿಗೆ, ಈ ದಾರಿಗೆ ಬಂದವರನ್ನು ಈ ಸೇವೆಗೆ ಕಳಿಸು ಎಂದು ಬರೆದಿಡುವ ಚೀಟಿ ಅದು. ಚೀಟಿ ಓದಿ ನಡೆಸುವ ಗುಮಾಸ್ತ ಬೇರೆ ಬೇಕು. ಅದೇ ವರ್ಷ ಫ್ರಾನ್ಸ್‌ನ ಎಮಿಲ್ ವೋಜ್ ಬರೆದ ಟ್ರಾಫಿಕ್ ಎಂಬ ತಂತ್ರಾಂಶ ಅಂಥ ಒಬ್ಬ ಗುಮಾಸ್ತ. ಹಳೆಯ ಕ್ರಮದಲ್ಲಿ ಹೊಸ ಸೇವೆ ಬಂದಾಗಲೆಲ್ಲ ಯಾರಾದರೂ ಕೂತು ಪಟ್ಟಿ ತಿದ್ದಬೇಕಿತ್ತು. ಟ್ರಾಫಿಕ್ ತಾನೇ ಕ್ಲಸ್ಟರನ್ನು ಗಮನಿಸುತ್ತ ಪಟ್ಟಿ ತಿದ್ದಿಕೊಳ್ಳುತ್ತದೆ.

ಅರ್ಧ ತೂಕದ ಚುಕ್ಕಾಣಿ

ಕುಬರ್ನೆಟೀಸ್ ನಮ್ಮಂಥವರಿಗೆ ಭಾರ. ಇಂಗ್ಲಿಷ್‌ನಲ್ಲಿ ಅದು ಹತ್ತು ಅಕ್ಷರದ ಹೆಸರು. ಮೊದಲ ಮತ್ತು ಕೊನೆಯ ಅಕ್ಷರದ ನಡುವೆ ಎಂಟು ಇರುವುದರಿಂದ ಕೆ8ಎಸ್ ಎಂದು ಮೊಟಕು ಮಾಡುತ್ತಾರೆ. ರಾಂಚರ್ ಲ್ಯಾಬ್ಸ್‌ನ ಡ್ಯಾರೆನ್ ಶೆಫರ್ಡ್ ಮತ್ತು ತಂಡ 2019ರ ಫೆಬ್ರವರಿಯಲ್ಲಿ ಅದರ ಹಗುರ ರೂಪ ಹೊರತಂದಾಗ, ಅರ್ಧ ಗಾತ್ರದ್ದಕ್ಕೆ ಐದು ಅಕ್ಷರ ಸಾಕೆಂದು ಕೆ3ಎಸ್ ಎಂದು ಹೆಸರಿಟ್ಟರು. ಎಲ್ಲವೂ ಸೇರಿ ಒಂದೇ ಕಡತ, ಆಗ ಸುಮಾರು 40 ಎಂಬಿ. ದೊಡ್ಡ ದತ್ತಾಂಶ ಕೋಶದ ಬದಲು ಮೊಬೈಲ್‌ಗಳಲ್ಲೂ ಇರುವ ಎಸ್‌ಕ್ಯುಲೈಟ್. ಟಪಾಲು ಗುಮಾಸ್ತನಾಗಿ ಟ್ರಾಫಿಕ್ ಜೊತೆಯಲ್ಲೇ ಬರುತ್ತದೆ. ಅಂಗಡಿ, ಕಾರ್ಖಾನೆ, ಗಾಳಿಯಂತ್ರದಂಥ ದೂರದ ಜಾಗಗಳ ಸಣ್ಣ ಯಂತ್ರಗಳಿಗಾಗಿ ಮಾಡಿದ್ದು. 2020ರಲ್ಲಿ ಅದನ್ನು ಸಿಎನ್‌ಸಿಎಫ್ ಎಂಬ ಸಾರ್ವಜನಿಕ ಪ್ರತಿಷ್ಠಾನಕ್ಕೆ ಒಪ್ಪಿಸಲಾಯಿತು.

ನಾವು ಎಡವಿದ್ದು ಇಲ್ಲಿ. ಡೆಸ್ಕ್‌ಟಾಪ್‌ನಲ್ಲಿ ಮೊದಲೇ ಎಂಜಿನ್‌ಎಕ್ಸ್ ಇತ್ತು, ಅದರಲ್ಲಿ ನಮ್ಮ ಹಳೆಯ ಬ್ಲಾಗ್ ಓಡುತ್ತಿತ್ತು. ಕೆ3ಎಸ್ ಹಾಕಿದ ಕೆಲವೇ ನಿಮಿಷಕ್ಕೆ ಬ್ಲಾಗ್ ಮಾಯ. ತೆರೆದವರಿಗೆಲ್ಲ '404, ಪುಟ ಸಿಗಲಿಲ್ಲ' ಎಂಬ ಒಂದೇ ಸಾಲು. ಎಂಜಿನ್‌ಎಕ್ಸ್ ಚೆನ್ನಾಗಿಯೇ ನಡೆಯುತ್ತಿತ್ತು, ಅದರ ದಾಖಲೆಯಲ್ಲಿ ದೋಷವೂ ಇಲ್ಲ, ಬಂದವರ ಲೆಕ್ಕವೂ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆವು.

ಆಮೇಲೆ ತಿಳಿಯಿತು. ಕೆ3ಎಸ್ ಜೊತೆ ಸರ್ವಿಸ್‌ಎಲ್‌ಬಿ ಎಂಬ ಸಣ್ಣ ಸಹಾಯಕ ಬರುತ್ತದೆ. ಅದು ಪ್ರತಿ ಯಂತ್ರದ 80 ಮತ್ತು 443ನೇ ಪೋರ್ಟ್‌ಗೆ ಬಂದದ್ದನ್ನು ಲಿನಕ್ಸ್‌ನ ಒಳನಿಯಮಗಳ ಮಟ್ಟದಲ್ಲೇ ಹಿಡಿದು ಟ್ರಾಫಿಕ್‌ಗೆ ಒಪ್ಪಿಸುತ್ತದೆ. ಓದುಗರು ಎಂಜಿನ್‌ಎಕ್ಸ್‌ನ ಬಾಗಿಲು ತಲುಪುವ ಮೊದಲೇ ದಾರಿ ತಿರುಗಿತ್ತು. ಟ್ರಾಫಿಕ್‌ನ ಕೈಯಲ್ಲಿ ನಮ್ಮ ಚೀಟಿ ಇರಲಿಲ್ಲ, ಆದ್ದರಿಂದ ಬಂದವರಿಗೆಲ್ಲ 'ಇಲ್ಲ' ಎನ್ನುತ್ತಿತ್ತು. ಸ್ಟ್ರೌಜರ್‌ನ ಸಿಟ್ಟು ಆಗ ನಮಗೆ ಪೂರ್ತಿ ಅರ್ಥವಾಯಿತು!

ಬ್ಲಾಗನ್ನೂ ಕಂಟೇನರ್‌ಗೆ ಹಾಕಿ, ಅದಕ್ಕೊಂದು ಸರ್ವಿಸ್, ಅದರ ಮುಂದೆ ಇನ್‌ಗ್ರೆಸ್ ಚೀಟಿ ಬರೆದೆವು. ವರದಿಗಳಿಗೆ ಒಂದು ಹೆಸರು, ಧ್ವನಿಮುದ್ರಣಗಳಿಗೆ ಇನ್ನೊಂದು. ಈಗ ಮೂರರಲ್ಲಿ ಯಾವ ಯಂತ್ರಕ್ಕೆ ಕೋರಿಕೆ ಬಂದರೂ ಅದು ಸರಿಯಾದ ಡಬ್ಬಿ ಸೇರುತ್ತದೆ. ಇನ್ನೊಂದು ಪಾಠವನ್ನೂ ಕಲಿತೆವು. ಟ್ರಾಫಿಕ್‌ನ ಸಿದ್ಧ ಕಡತವನ್ನೇ ತಿದ್ದಿದ್ದೆವು. ಕರೆಂಟ್ ಹೋಗಿ ಬಂದ ಮೇಲೆ ನೋಡಿದರೆ ತಿದ್ದಿದ್ದೆಲ್ಲ ಅಳಿಸಿಹೋಗಿತ್ತು. ಶುರುವಾದಾಗಲೆಲ್ಲ ಕೆ3ಎಸ್ ಆ ಕಡತವನ್ನು ಹಳೆಯ ರೂಪಕ್ಕೆ ತರುತ್ತದೆ. ನಮ್ಮ ಬದಲಾವಣೆಗಳನ್ನು ಹೆಲ್ಮ್‌ಚಾರ್ಟ್‌ಕಾನ್ಫಿಗ್ ಎಂಬ ಬೇರೆಯೇ ಕಡತದಲ್ಲಿ ಬರೆಯಬೇಕು.

ಗುಮಾಸ್ತ ನಿವೃತ್ತನಾದರೆ

ಚರಿತ್ರೆ ಇಲ್ಲಿಗೆ ನಿಂತಿಲ್ಲ. ಇನ್‌ಗ್ರೆಸ್‌ನ ಚೀಟಿಯಲ್ಲಿ ಬರೆಯಬಹುದಾದದ್ದು ಕಡಿಮೆ. ಅದಕ್ಕೇ 2023ರ ಅಕ್ಟೋಬರ್‌ನಲ್ಲಿ 'ಗೇಟ್‌ವೇ ಎಪಿಐ' ಎಂಬ ಹೊಸ ನಿಯಮಾವಳಿಯ ಮೊದಲ ಪಕ್ಕಾ ಆವೃತ್ತಿ ಬಂತು. ಬಾಗಿಲು ಯಾರದು, ಬಾಗಿಲೊಳಗಿನ ದಾರಿ ಯಾರದು ಎಂಬ ಎರಡು ಜವಾಬ್ದಾರಿಗಳನ್ನು ಅದು ಬೇರೆ ಮಾಡಿತು. 2025ರ ನವೆಂಬರ್‌ನಲ್ಲಿ ಇನ್ನೊಂದು ಸುದ್ದಿ. ಜಗತ್ತಿನಾದ್ಯಂತ ಬಳಕೆಯಲ್ಲಿದ್ದ 'ಇನ್‌ಗ್ರೆಸ್ ಎಂಜಿನ್‌ಎಕ್ಸ್' ಎಂಬ ಗುಮಾಸ್ತನನ್ನು 2026ರ ಮಾರ್ಚ್‌ನ ಆಚೆ ನೋಡಿಕೊಳ್ಳುವುದಿಲ್ಲ ಎಂದು ಕುಬರ್ನೆಟೀಸ್ ಯೋಜನೆ ಪ್ರಕಟಿಸಿತು. ದೊಡ್ಡ ದೊಡ್ಡ ಕಂಪನಿಗಳು ನೆಚ್ಚಿಕೊಂಡಿದ್ದ ಆ ತಂತ್ರಾಂಶವನ್ನು ವರ್ಷಗಟ್ಟಲೆ ಒಬ್ಬಿಬ್ಬರು ತಮ್ಮ ಬಿಡುವಿನ ವೇಳೆಯಲ್ಲಿ ಕಾಯುತ್ತಿದ್ದರು. ಗೌರವಧನದ ಮೇಲೆ ದುಡಿಯುವ ನಮಗೆ ಈ ಸುದ್ದಿ ಬೇಗ ನಾಟಿತು.

ನಮ್ಮ ಟ್ರಾಫಿಕ್‌ಗೂ ಒಂದು ದಿನ ಹಾಗಾಗಬಹುದು. ಅದಕ್ಕೇ ನಾವು ಮೂರು ಕ್ರಮ ಇಟ್ಟುಕೊಂಡಿದ್ದೇವೆ. ಡೊಮೇನ್ ಹೆಸರು ನಮ್ಮ ಗುಂಪಿನದ್ದೇ ಇರಬೇಕು. ದಾರಿಯ ಚೀಟಿಗಳೆಲ್ಲ ಕಡತದಲ್ಲಿ ಬರೆದು ಮೂವರ ಮನೆಯಲ್ಲಿರಬೇಕು. ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬಾರದು. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ದಾರಿ ತೋರಿಸುವ ಸಾಲು ಅಲ್ಲೇ ಉಳಿಯಬೇಕು.

ರೈತರಿಗೆ ಬೇಕಿದ್ದ ವರದಿ ಕೊನೆಗೂ ಸಿಕ್ಕಿತು. ಅದು ಇದ್ದದ್ದು ಜಾಲತಾಣದಲ್ಲಲ್ಲ, ಅವರದೇ ಊರಿನ ಗ್ರಂಥಾಲಯದ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ. ಸ್ಕ್ಯಾನ್ ಮಾಡಿ ಪ್ರತಿ ಕೊಟ್ಟೆವು. ನಮ್ಮ ಕಡತಕ್ಕೆ ಮೊದಲು ಏರಿದ್ದೂ ಅದೇ. ಅದರ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗಿಟ್ಟಾಗ, "ಇದು ಮತ್ತ ಹೋಗೂದಿಲ್ಲಲ್ರಿ?" ಎಂದು ಕೇಳಿದರು. ಹೋಗದ ಹಾಗೆ ನೋಡಿಕೊಳ್ಳುತ್ತೇವೆ ಎಂದು ಹೇಳಿದ್ದೇವೆ.