ಹೆರಿಗೆಯ ನಂತರ ಹೊಲಿಗೆಯ ಗಾಯಕ್ಕೆ ಶಾಖೋಪಚಾರ – ಬಾಣಂತಿಯರು ಹಾಗೂ ಕುಟುಂಬದವರಿಗೆ ಮಾಹಿತಿ

ಸಹಜ ಹೆರಿಗೆಯಲ್ಲಿ ಯೋನಿ ಮತ್ತು ಗುದದ್ವಾರದ ನಡುವಿನ ಭಾಗವು ಹರಿಯುವುದು ಅಥವಾ ವೈದ್ಯರು ಅದನ್ನು ಕತ್ತರಿಸಿ ಹೊಲಿಗೆ ಹಾಕುವುದು ಸಾಮಾನ್ಯ. ಈ ನೋವನ್ನು ಹೇಳಿಕೊಳ್ಳಲು ಬಹಳಷ್ಟು ಬಾಣಂತಿಯರು ಸಂಕೋಚಪಡುತ್ತಾರೆ. ಇದಕ್ಕೆ ಆರೈಕೆ ನೀಡುವುದು ಶುಶ್ರೂಷಕಿಯರ ಕರ್ತವ್ಯವಾಗಿದ್ದು, ಬಾಣಂತಿಯು ನಿಸ್ಸಂಕೋಚವಾಗಿ ಕೇಳಬಹುದಾಗಿದೆ.

ಮೊದಲ 24 ಗಂಟೆಗಳಲ್ಲಿ ಬಿಸಿ ಶಾಖ ನೀಡುವುದಿಲ್ಲ. ಆಗ ಊತವಿರುವುದರಿಂದ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸ್ವಲ್ಪ ಹೊತ್ತು ಇಡಲಾಗುತ್ತದೆ. ತರುವಾಯ ಬಿಸಿಯು ರಕ್ತಸಂಚಾರವನ್ನು ಹೆಚ್ಚಿಸಿ, ಬಿಗಿತ ಮತ್ತು ನೋವನ್ನು ಕಡಿಮೆ ಮಾಡುತ್ತದೆ.

ಸರಳ ವಿಧಾನವೆಂದರೆ ಸ್ವಚ್ಛವಾದ ಅಗಲ ಟಬ್ಬಿನಲ್ಲಿ ಬೆಚ್ಚಗಿನ ನೀರು ತುಂಬಿ, ಸೊಂಟದ ಕೆಳಭಾಗ ಮುಳುಗುವಂತೆ 10ರಿಂದ 15 ನಿಮಿಷ ಕುಳಿತುಕೊಳ್ಳುವುದು. ದಿನಕ್ಕೆ ಎರಡು ಮೂರು ಬಾರಿ ಸಾಕು. ನೀರು ಮೊಣಕೈಗೆ ಹಿತವಾಗಿರಬೇಕು, ಸುಡಬಾರದು. ಡೆಟಾಲ್ ಮುಂತಾದವನ್ನು ಬೆರೆಸುವ ಅಗತ್ಯವಿಲ್ಲ. ಏಳುವಾಗ ತಲೆಸುತ್ತು ಬರುವ ಸಂಭವವಿರುವುದರಿಂದ ಒಬ್ಬರು ಹತ್ತಿರವಿರತಕ್ಕದ್ದು. ನಂತರ ಮುಂದಿನಿಂದ ಹಿಂದಕ್ಕೆ ಒತ್ತಿ ಒರೆಸಿ, ಒಣಗಿದ ಪ್ಯಾಡ್ ಧರಿಸಬೇಕು.

ಕೆಲವು ಆಸ್ಪತ್ರೆಗಳಲ್ಲಿ ಇನ್‌ಫ್ರಾರೆಡ್ ದೀಪದಿಂದಲೂ ಶಾಖ ನೀಡಲಾಗುತ್ತದೆ. ಶುಶ್ರೂಷಕಿಯು ಗಾಯವನ್ನು ಶುಚಿಗೊಳಿಸಿ, ಒಣಗಿಸಿ, ಎಣ್ಣೆ ಅಥವಾ ಮುಲಾಮು ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ದೀಪವನ್ನು ದೂರದಲ್ಲಿಟ್ಟು ಪಕ್ಕದಲ್ಲಿಯೇ ಇರುತ್ತಾರೆ. ಮನೆಯ ಬಲ್ಬಿನಿಂದ ಇದನ್ನು ಅನುಕರಿಸಬಾರದು.

ಮಸ್ಕಿ, ಲಿಂಗಸುಗೂರು, ಸಿಂಧನೂರು ಭಾಗದ ಮನೆಗಳಲ್ಲಿ ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು ಕಾವು ಕೊಡುವುದುಂಟು. ಹಿರಿಯರ ಉದ್ದೇಶ ಒಳ್ಳೆಯದೇ. ಆದರೆ ಹೊಲಿಗೆ ಬಿದ್ದ ಚರ್ಮಕ್ಕೆ ಸ್ಪರ್ಶಜ್ಞಾನ ಕಡಿಮೆಯಿರುವುದರಿಂದ ಸುಟ್ಟದ್ದು ತಡವಾಗಿ ತಿಳಿಯುತ್ತದೆ. ಮುಚ್ಚಿದ ಕೋಣೆಯ ಹೊಗೆಯು ಹಸುಗೂಸಿನ ಉಸಿರಾಟಕ್ಕೆ ಅಪಾಯಕಾರಿ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಬಾಣಂತಿಯ ದೇಹದ ನೀರಿನಂಶವೂ ಕುಗ್ಗುತ್ತದೆ. ಕೆಂಡದ ಬದಲು ಬೆಚ್ಚಗಿನ ನೀರೇ ಸಾಕು. ಬಾಣಂತಿಗೆ ಕುಡಿಯುವ ನೀರನ್ನು ಕಡಿಮೆ ಮಾಡುವ ವಾಡಿಕೆಯನ್ನೂ ಕೈಬಿಡಬೇಕು. ಮಲಬದ್ಧತೆಯಾದರೆ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ.

ಸೇವೆ ಪಡೆಯುವ ವಿಧಾನ: 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧಿ ಹಾಗೂ ಪರೀಕ್ಷೆಗಳು ಉಚಿತ, ಹೊಲಿಗೆಯ ಆರೈಕೆಗೆ ಪ್ರತ್ಯೇಕ ಅರ್ಜಿ ಅಗತ್ಯವಿಲ್ಲ. ತಾಯಿ ಕಾರ್ಡ್ ಜೊತೆಯಲ್ಲಿರಲಿ. ಬಿಡುಗಡೆಗೆ ಮುನ್ನ ಹೊಲಿಗೆಯನ್ನು ನೋಡುವಂತೆ ಶುಶ್ರೂಷಕಿಯನ್ನು ಕೇಳಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನಗಳಂದು ಭೇಟಿ ನೀಡುತ್ತಾರೆ. ಮಗುವಿನ ವಿಚಾರವಷ್ಟೇ ಅಲ್ಲದೆ ತಾಯಿಯ ಗಾಯದ ಬಗ್ಗೆಯೂ ಅವರಿಗೆ ತಿಳಿಸಬೇಕು.

ನೋವು ದಿನೇದಿನೇ ಏರಿದರೆ, ಗಡ್ಡೆಯಂತೆ ಊತ ಬಂದರೆ, ಕೀವು ಅಥವಾ ದುರ್ವಾಸನೆ ಇದ್ದರೆ, ಹೊಲಿಗೆ ಬಿಚ್ಚಿದರೆ ಅಥವಾ 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಜ್ವರವಿದ್ದರೆ ಶಾಖ ಕೊಡುವುದನ್ನು ನಿಲ್ಲಿಸಿ ಅಂದೇ ಆಸ್ಪತ್ರೆಗೆ ಬರತಕ್ಕದ್ದು. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವವಾದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಬೇಕು.