ಮಾರಿಯ ವರ್ಷದ ವಸಂತಗೀತೆ: ಹೊಸಗನ್ನಡ ಕಾವ್ಯದಲ್ಲಿ ಹೂವು ಮತ್ತು ಭರವಸೆ

ಹೊಸಗನ್ನಡ ಕಾವ್ಯದ ಇತಿಹಾಸದಲ್ಲಿ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನಕ್ಕೆ ಇರುವ ಸ್ಥಾನ ನಿರ್ವಿವಾದವಾದುದು. ಛಂದಸ್ಸು, ಭಾಷೆ, ವಸ್ತು ಈ ಮೂರರಲ್ಲೂ ಅದು ತೆರೆದ ದಾರಿಯನ್ನು ಕುರಿತು ವಿಮರ್ಶಕರು ವಿಪುಲವಾಗಿ ಬರೆದಿದ್ದಾರೆ. ಆ ಸಂಕಲನದ ಅತ್ಯಂತ ಜನಪ್ರಿಯ ರಚನೆಗಳಲ್ಲೊಂದು ವಸಂತಾಗಮನವನ್ನು ಕುರಿತ ಪುಟ್ಟ ಗೀತೆ. ಶಾಲೆಯ ಪದ್ಯವಾಗಿ ಹಲವು ತಲೆಮಾರುಗಳಿಗೆ ಬಾಯಿಪಾಠವಾಗಿರುವ ಈ ಗೀತೆಯನ್ನು ಕೇವಲ ಉಲ್ಲಾಸದ ಹಾಡೆಂದೇ ಓದುವುದು ರೂಢಿ. ಆದರೆ ಅದರ ಮೂಲವಾದ ಇಂಗ್ಲಿಷ್ ಗೀತೆ ಹುಟ್ಟಿದ್ದು ಪ್ಲೇಗು ಒಂದು ಮಹಾನಗರವನ್ನು ಬರಿದುಮಾಡುತ್ತಿದ್ದ ವರ್ಷದಲ್ಲಿ. ಅದು ಕನ್ನಡಕ್ಕೆ ಬಂದದ್ದು ಅದೇ ಪಿಡುಗಿನ ನೆನಪು ಇನ್ನೂ ಹಸಿಯಾಗಿದ್ದ ನಾಡಿನಲ್ಲಿ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಗೀತೆಯ ಅರ್ಥ ಬೇರೆಯಾಗುತ್ತದೆ. ನವೋದಯ ಕಾವ್ಯದ ಆಶಾವಾದವನ್ನು ಕುರಿತ ಪ್ರಚಲಿತ ಅಭಿಪ್ರಾಯವೊಂದನ್ನೂ ಮರುಪರಿಶೀಲಿಸಬೇಕಾಗುತ್ತದೆ.

ಗೀತೆಯ ಮೂಲ ಸಂದರ್ಭ

ಮೂಲಗೀತೆಯ ಕರ್ತೃ ಎಲಿಜಬೆತ್ ರಾಣಿಯ ಕಾಲದ ಲೇಖಕ ಥಾಮಸ್ ನ್ಯಾಷ್. 1592ರಲ್ಲಿ ಲಂಡನ್ನಿನಲ್ಲಿ ಪ್ಲೇಗು ತಲೆದೋರಿ, ನಾಟಕಶಾಲೆಗಳು ಬಾಗಿಲು ಮುಚ್ಚಿದುವು. ಮರುವರ್ಷದ ಹೊತ್ತಿಗೆ ಆ ನಗರದಲ್ಲಿ ಸತ್ತವರ ಸಂಖ್ಯೆ 10,000ವನ್ನು ಮೀರಿತು. ನ್ಯಾಷ್ 1592ರ ಶರತ್ಕಾಲದಲ್ಲಿ ನಗರದ ಹೊರಗೆ, ಕ್ರಾಯ್ಡನ್ನಿನಲ್ಲಿದ್ದ ಆರ್ಚ್‌ಬಿಷಪ್ ವಿಟ್‌ಗಿಫ್ಟನ ಅರಮನೆಯ ಆಶ್ರಯದಲ್ಲಿದ್ದ. ಅಲ್ಲಿ ಆಡುವುದಕ್ಕಾಗಿ ಆತ ಬರೆದ ನಾಟಕ ‘ಸಮರ್ಸ್ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’. ಅದು ಅಚ್ಚಾದದ್ದು 1600ರಲ್ಲಿ.

ಈ ನಾಟಕದಲ್ಲಿ ಬೇಸಗೆಯೇ ಒಬ್ಬ ಮುದಿ ದೊರೆ. ಸಾವು ಸಮೀಪಿಸಿದ ಆತ ಋತುಗಳನ್ನೂ ಪರಿವಾರದವರನ್ನೂ ಒಬ್ಬೊಬ್ಬರನ್ನಾಗಿ ಕರೆದು, ತಾನು ಕೊಟ್ಟ ಸಂಪತ್ತಿನ ಲೆಕ್ಕ ಕೇಳುತ್ತಾನೆ. ಮೊದಲು ಬರುವವನು ವಸಂತ. ಹಸಿರು ಹಾವಸೆಯ ಉಡುಪು ತೊಟ್ಟ ಪರಿವಾರದೊಡನೆ ಆತ ಹಾಡುತ್ತ ಬರುವ ಹಾಡೇ ಪ್ರಸಿದ್ಧವಾದ ವಸಂತಗೀತೆ. ಹಾಡು ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ವಸಂತ ಇದ್ದುದನ್ನೆಲ್ಲ ವೆಚ್ಚಮಾಡಿ ಮುಗಿಸಿದ ದುಂದುಗಾರನೆಂದು ತಿಳಿದುಬರುತ್ತದೆ. ನಾಟಕ ಮುಂದುವರಿದು ದೊರೆಯ ಅಂತ್ಯ ಹತ್ತಿರವಾದಾಗ ಆತ ಸಾವನ್ನು ಕುರಿತ ಒಂದು ಶೋಕಗೀತೆಯನ್ನು ಹಾಡಿಸುತ್ತಾನೆ. ರೂಪ, ಬಲ, ಸಿರಿ, ಜಾಣ್ಮೆ ಯಾವುದೂ ಮರಣವನ್ನು ತಡೆಯಲಾರದೆಂದು ಹೇಳುವ ಆ ಗೀತೆಯ ಪ್ರತಿಯೊಂದು ಚರಣವೂ ದೇವರ ಕರುಣೆಯ ಬೇಡಿಕೆಯೊಂದಿಗೆ ಮುಗಿಯುತ್ತದೆ. ಆ ಬೇಡಿಕೆಯ ಮಾತು ಅಂದಿನ ಪ್ರೇಕ್ಷಕರಿಗೆ ಕೇವಲ ಕಾವ್ಯದ ಮಾತಾಗಿರಲಿಲ್ಲ. ಲಂಡನ್ನಿನಲ್ಲಿ ಪ್ಲೇಗು ಹೊಕ್ಕ ಮನೆಗಳ ಬಾಗಿಲ ಮೇಲೆ ಕೆಂಪು ಶಿಲುಬೆಯ ಗುರುತಿನೊಡನೆ ಬರೆಯುತ್ತಿದ್ದುದು ಅದೇ ಪ್ರಾರ್ಥನೆಯನ್ನು.

ಹೀಗೆ ವಸಂತದ ಹಾಡೂ ಮಾರಿಯ ಹಾಡೂ ಒಂದೇ ಕೃತಿಯ ಎರಡು ಭಾಗಗಳು. ಒಂದೇ ಸಭೆ ಒಂದೇ ಪ್ರದರ್ಶನದಲ್ಲಿ ಎರಡನ್ನೂ ಕೇಳಿತು. ಈ ಹಿನ್ನೆಲೆಯಲ್ಲಿ ವಸಂತಗೀತೆಯ ವಿವರಗಳನ್ನು ಗಮನಿಸಬೇಕು. ಅಲ್ಲಿ ಹೂಗಳಿವೆ, ಹಕ್ಕಿಗಳಿವೆ, ಕುರಿಮರಿಗಳಿವೆ. ಅವುಗಳ ಜೊತೆಯಲ್ಲಿ ಜನರೂ ಇದ್ದಾರೆ. ಹುಡುಗಿಯರು ಕೈಹಿಡಿದು ಸುತ್ತು ಕುಣಿಯುತ್ತಾರೆ, ಪ್ರೇಮಿಗಳು ಸಂಧಿಸುತ್ತಾರೆ, ಮುದುಕಿಯರು ಬಿಸಿಲು ಕಾಯಿಸುತ್ತ ಕುಳಿತಿರುತ್ತಾರೆ, ಬೀದಿಬೀದಿಯಲ್ಲೂ ಹಾಡು ಕೇಳುತ್ತದೆ. ಒಬ್ಬರನ್ನೊಬ್ಬರು ಮುಟ್ಟಲು ಅಂಜುವ, ಬೀದಿಗಳು ಬರಿದಾದ, ಸೋಂಕು ತಗಲಿದ ಮನೆಗಳಿಗೆ ಹೊರಗಿನಿಂದ ಬೀಗ ಬಿದ್ದ ಕಾಲದಲ್ಲಿ ಈ ವಿವರಗಳಿಗಿದ್ದ ತೂಕ ಸಾಮಾನ್ಯವಾದುದಲ್ಲ. ಕಳೆದುಹೋದುದು ಯಾವುದೋ ಅದನ್ನೇ ಗೀತೆ ಒಂದೊಂದಾಗಿ ಹೆಸರಿಸುತ್ತದೆ.

ಸಂಕಲನದ ದಾರಿ

ನ್ಯಾಷನ ವಸಂತಗೀತೆ ಭಾರತದ ಕಾಲೇಜುಗಳಿಗೆ ತಲುಪಿದ್ದು ನಾಟಕದ ಭಾಗವಾಗಿ ಅಲ್ಲ. 1861ರಲ್ಲಿ ಪ್ಯಾಲ್‌ಗ್ರೇವ್ ಸಂಪಾದಿಸಿದ ‘ಗೋಲ್ಡನ್ ಟ್ರೆಷರಿ’ ಎಂಬ ಪ್ರಸಿದ್ಧ ಸಂಕಲನದ ಮೊದಲನೆಯ ಕವಿತೆ ಇದೇ ಗೀತೆ. ನಾಟಕದ ಶೋಕಗೀತೆಗೆ ಆ ಸಂಕಲನದಲ್ಲಿ ಸ್ಥಾನ ದೊರೆಯಲಿಲ್ಲ. ಪರಿಣಾಮವಾಗಿ ಬೆಳಕಿನ ಭಾಗ ಮಾತ್ರ ಜಗತ್ತನ್ನು ಸುತ್ತಿತು, ಕತ್ತಲೆಯ ಭಾಗ ಮೂಲಗ್ರಂಥದಲ್ಲೇ ಉಳಿಯಿತು. ಹಲವು ದಶಕಗಳ ಕಾಲ ಈ ಸಂಕಲನ ನಮ್ಮ ಇಂಗ್ಲಿಷ್ ತರಗತಿಗಳ ಆಧಾರಗ್ರಂಥವಾಗಿತ್ತು. ‘ಇಂಗ್ಲಿಷ್ ಗೀತಗಳು’ ಕೃತಿಯ ಹಲವು ಕವಿತೆಗಳ ಮೂಲ ಇರುವುದೂ ಅದರಲ್ಲಿಯೇ.

1884ರಲ್ಲಿ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ವಿಷಯವಾಗಿ ಮಾಡಿದ ಭಾಷಣ ಪ್ರಖ್ಯಾತವಾಗಿದೆ. ಕನ್ನಡ ಸೊರಗಿದೆಯೆಂಬ ಕಳವಳವೂ ಮತ್ತೆ ಚಿಗುರಬಲ್ಲದೆಂಬ ನಂಬಿಕೆಯೂ ಆ ಕಾಲದ ಬರಹಗಾರರಲ್ಲಿ ಒಟ್ಟಿಗೆ ಇದ್ದುವು. ವಸಂತದ ರೂಪಕ ನವೋದಯದವರಿಗೆ ಪ್ರಿಯವಾದುದಕ್ಕೆ ಇದೂ ಒಂದು ಕಾರಣ.

ಪ್ಲೇಗು ಕಂಡ ನಾಡು

ಕಳವಳಕ್ಕೆ ಭಾಷೆಯೊಂದೇ ಕಾರಣವಾಗಿರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿಯನ್ನು ಹಿಡಿದು ಧಾರವಾಡ, ಹುಬ್ಬಳ್ಳಿಗಳ ಕಡೆಗೆ ಹರಡಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಮುಟ್ಟಿತು. ಆಗ ಶ್ರೀಕಂಠಯ್ಯನವರಿಗೆ 14 ವರ್ಷ. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರೇ ಗಂಟುಮೂಟೆ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುವುದು ಮೈಸೂರು ಸಂಸ್ಥಾನದ ಜನಕ್ಕೆ ಅನೇಕ ವರ್ಷ ಅನಿವಾರ್ಯವಾಯಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಶೀಘ್ರವಾಗಿ ಬೆಳೆದುದಕ್ಕೂ, 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಮಂಡಲಿ ಸ್ಥಾಪಿತವಾದುದಕ್ಕೂ ಈ ಪಿಡುಗಿನ ಹಿನ್ನೆಲೆಯಿದೆ. ಊರೂರುಗಳಲ್ಲಿ ಉಳಿದಿರುವ ಪ್ಲೇಗಿನ ಮಾರಮ್ಮನ ಗುಡಿಗಳು ಅದರ ಇನ್ನೊಂದು ಬಗೆಯ ದಾಖಲೆ. 1918ರ ಇನ್‌ಫ್ಲುಯೆಂಜಾ ಈ ಗಾಯದ ಮೇಲೆ ಬಿದ್ದ ಬರೆ.

ಸಾಂಕ್ರಾಮಿಕ ರೋಗಗಳನ್ನು ಕುರಿತ 1897ರ ಕಾಯಿದೆ ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ ಅಧಿಕಾರಿಗಳಿಗೆ ವಿಶೇಷ ಅಧಿಕಾರಗಳನ್ನು ನೀಡಿತು. ಸಂಸ್ಥಾನವೂ ತನ್ನ ನಿಯಮಗಳನ್ನು ರೂಪಿಸಿಕೊಂಡಿತು. ಪ್ರಯಾಣಿಕರ ತಪಾಸಣೆ, ಮನೆಗಳ ಶೋಧನೆ, ರೋಗಿಗಳನ್ನು ಬೇರ್ಪಡಿಸುವುದು ಮೊದಲಾದ ಕ್ರಮಗಳೊಡನೆ ಜನ ಕೂಡುವುದರ ಮೇಲೂ ನಿರ್ಬಂಧ ಬಿದ್ದಿತು. ಸುಗ್ಗಿ ಮುಗಿದ ಮೇಲಿನ ಬಿಡುವು ನಮ್ಮ ಹಳ್ಳಿಗಳಲ್ಲಿ ಜಾತ್ರೆಗಳ ಕಾಲ. ರೋಗವಿದ್ದ ವರ್ಷ ಜಾತ್ರೆಯಿಲ್ಲ, ತೇರಿಲ್ಲ. ಊರು ಮತ್ತೆ ಒಂದೆಡೆ ಸೇರಿತೆಂದರೆ ಮಾರಿ ತೊಲಗಿತೆಂದು ಅರ್ಥ.

ಮಾವು, ಮಲ್ಲಿಗೆ, ಜಾತ್ರೆ

ಶ್ರೀಕಂಠಯ್ಯನವರು ಅನುವಾದದಲ್ಲಿ ಮಾಡಿದ ಬದಲಾವಣೆಗಳನ್ನು ಈಗ ಪರಿಶೀಲಿಸಬಹುದು. ಇಂಗ್ಲೆಂಡಿನ ಹಳ್ಳಿಮನೆಗಳನ್ನು ಸಿಂಗರಿಸುವ ವಸಂತದ ಟೊಂಗೆಗಳೂ ನಡೆವವರ ಕಾಲಿಗೆ ತಾಗುವ ಡೇಸಿ ಹೂಗಳೂ ಕನ್ನಡದಲ್ಲಿ ಮರೆಯಾಗಿ, ಆ ಜಾಗದಲ್ಲಿ ಮಾವು ಮತ್ತು ಮಲ್ಲಿಗೆ ಬಂದಿವೆ. ಈ ಎರಡೂ ಕನ್ನಡ ಕಾವ್ಯದ ಹಳೆಯ ಸೊತ್ತು. ಹತ್ತನೆಯ ಶತಮಾನದ ಪಂಪ ಬನವಾಸಿ ನಾಡನ್ನು ನೆನೆಯುವಾಗ ಅವನ ಮನಸ್ಸಿಗೆ ಬರುವುದೂ ಇಂಥ ಹೂವು, ಕಂಪು, ಕೋಗಿಲೆಗಳೇ. ಆದರೆ ಚಂಪೂಕಾವ್ಯಗಳ ಋತುವರ್ಣನೆಯಲ್ಲಿ ವಸಂತ ಮುಖ್ಯವಾಗಿ ಮನ್ಮಥನ ದಂಡನಾಯಕ. ಆತನ ಆಗಮನ ಉಪವನಗಳಲ್ಲಿ, ಅರಸರ ವಿಹಾರಗಳಲ್ಲಿ. ಅಷ್ಟಾದಶ ವರ್ಣನೆಗಳಲ್ಲಿ ಒಂದಾಗಿ ಬರುವ ಆ ವಸಂತನಿಗೆ ಹೊಸ ಗೀತೆಯಲ್ಲಿ ಕುರುಬರ ಕೊಳಲಿದೆ, ಬೆಳದಿಂಗಳ ಊಟವಿದೆ.

ಎಲ್ಲಕ್ಕಿಂತ ಗಮನಾರ್ಹವಾದುದು ಜಾತ್ರೆ. ಮೂಲದಲ್ಲಿ ಬಿಸಿಲು ಕಾಯಿಸುವ ಮುದುಕಿಯರೂ ಹಾಡು ತುಂಬಿದ ಬೀದಿಯೂ ಇರುವ ಚರಣದಲ್ಲಿ ಕನ್ನಡ ಕವಿ ಜಾತ್ರೆಯಲ್ಲಿ ನೆರೆದ ಜನರ ಗುಂಪನ್ನು ತಂದಿದ್ದಾರೆ. ಪ್ರಾಸದ ಅನುಕೂಲಕ್ಕಾಗಿ ಬಂದ ಮಾತೆಂದು ಇದನ್ನು ತಳ್ಳಿಹಾಕಬಹುದಾಗಿತ್ತು. ಆದರೆ ಮೂಲಗೀತೆಯ ಒಳಗಿನ ಒತ್ತು ಯಾವುದೋ ಅದಕ್ಕೆ ಇಷ್ಟು ಸರಿಯಾದ ದೇಶೀಯ ಸಮಾನ ಇನ್ನೊಂದಿಲ್ಲ. ಪ್ಲೇಗಿನ ಲಂಡನ್ನಿಗೆ ತುಂಬಿದ ಬೀದಿ ಏನಾಗಿತ್ತೋ ಪ್ಲೇಗನ್ನು ಕಂಡ ಮೈಸೂರು ಸೀಮೆಗೆ ನೆರೆದ ಜಾತ್ರೆ ಅದೇ ಆಗಿತ್ತು. ಸಂಕಲನದ ದಾರಿಯಲ್ಲಿ ಗೀತೆ ತನ್ನ ಸಂದರ್ಭವನ್ನು ಕಳೆದುಕೊಂಡಿದ್ದರೂ, ಕನ್ನಡದ ಜೀವನಾನುಭವ ಅದಕ್ಕೆ ಮತ್ತೊಂದು ಸಂದರ್ಭವನ್ನು ಒದಗಿಸಿತು.

ಹಕ್ಕಿಗಳ ಕೂಗನ್ನು ಮಾತ್ರ ಕವಿ ಹೆಚ್ಚುಕಡಿಮೆ ಮೂಲದಲ್ಲಿದ್ದಂತೆಯೇ ಉಳಿಸಿಕೊಂಡಿದ್ದಾರೆ. ಆ ಕೂಗುಗಳ ಸಾಲು ಕೋಗಿಲೆಯಿಂದ ತೊಡಗಿ ಗೂಬೆಯದೆಂದು ಭಾವಿಸಲಾಗುವ ಸ್ವರದೊಂದಿಗೆ ಮುಗಿಯುತ್ತದೆ. ಗೂಬೆ ಕೂಗಿದರೆ ಅಪಶಕುನವೆಂದು ಬಗೆಯುವ ನಾಡಿನ ಮಕ್ಕಳು ಆ ಕೂಗನ್ನೂ ಸೇರಿಸಿಕೊಂಡು ನಲಿದು ಹಾಡುತ್ತ ಬಂದಿದ್ದಾರೆ.

ಒಂದೇ ಪುಸ್ತಕದ ಕತ್ತಲೆ

ನವೋದಯ ಕಾವ್ಯ ಬದುಕಿನ ಕ್ರೌರ್ಯಕ್ಕೆ ಕುರುಡಾಗಿ ಪ್ರಕೃತಿಯ ಚೆಲುವಿನಲ್ಲಿ ಮೈಮರೆಯಿತೆಂಬ ಆಕ್ಷೇಪ ನವ್ಯ ವಿಮರ್ಶೆಯ ಕಾಲದಿಂದ ಬಲಗೊಂಡಿತು. ನವೋದಯದ ಅನುಕರಣಶೀಲ ಬರಹಗಳ ಮಟ್ಟಿಗೆ ಈ ಮಾತಿನಲ್ಲಿ ಸತ್ಯಾಂಶವಿದೆ. ‘ಇಂಗ್ಲಿಷ್ ಗೀತಗಳು’ ಕೃತಿಗೆ ಮಾತ್ರ ಅದು ಒಪ್ಪುವುದಿಲ್ಲ. ವಸಂತಗೀತೆಯಿರುವ ಪುಸ್ತಕದಲ್ಲೇ ಥಾಮಸ್ ಹುಡ್‌ನ ಕವಿತೆಯನ್ನು ಆಧರಿಸಿದ ‘ದುಃಖಸೇತು’ ಇದೆ. ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡ ಅನಾಥ ತರುಣಿಯೊಬ್ಬಳನ್ನು ಕುರಿತ ಕವಿತೆ ಅದು. ‘ಕರುಣಾಳು ಬಾ ಬೆಳಕೆ’ ಇರುವುದೂ ಅದೇ ಪುಸ್ತಕದಲ್ಲಿ. ಅದರ ಮೂಲವನ್ನು ಜಾನ್ ಹೆನ್ರಿ ನ್ಯೂಮನ್ ಬರೆದದ್ದು 1833ರ ಜೂನ್‌ನಲ್ಲಿ. ಸಿಸಿಲಿಯಲ್ಲಿ ಜ್ವರದಿಂದ ಸಾವಿನ ಅಂಚಿಗೆ ಹೋಗಿ ಬಂದು, ಊರಿಗೆ ಮರಳುವ ದಾರಿಯಲ್ಲಿ ಗಾಳಿಯಿಲ್ಲದೆ ಹಡಗು ನಿಂತುಹೋಗಿದ್ದಾಗ ರಚಿಸಿದ ಪ್ರಾರ್ಥನೆ ಅದು. ಕನ್ನಡದಲ್ಲಿ ಅದು ಮತಭೇದವಿಲ್ಲದೆ ಎಲ್ಲರ ಪ್ರಾರ್ಥನೆಯಾಯಿತು. ಮುಂದೆ ‘ಅಶ್ವತ್ಥಾಮನ್’ (1929), ‘ಪಾರಸಿಕರು’ (1935) ಕೃತಿಗಳ ಮೂಲಕ ಗ್ರೀಕ್ ರುದ್ರನಾಟಕದ ಸತ್ತ್ವವನ್ನು ಕನ್ನಡಕ್ಕೆ ತಂದವರೂ ಶ್ರೀಕಂಠಯ್ಯನವರೇ. ಪ್ಯಾಲ್‌ಗ್ರೇವ್ ಬೇರ್ಪಡಿಸಿದ ಬೆಳಕು ಕತ್ತಲೆಗಳು ಈ ಅನುವಾದಕನ ಕೈಯಲ್ಲಿ ಬೇರೆ ರೀತಿಯಲ್ಲಿ ಒಂದೇ ಸೂರಿನಡಿಗೆ ಬಂದುವು.

ಬೇವಿನ ಹೂವು

ಇವೆರಡನ್ನೂ ಒಂದೇ ಕವಿತೆಯಲ್ಲಿ ಬೆಸೆದ ಶ್ರೇಯಸ್ಸು ದ.ರಾ. ಬೇಂದ್ರೆಯವರದು. ಮುಂಬಯಿಗೆ ಪ್ಲೇಗು ಬಂದ 1896ರಲ್ಲೇ ಧಾರವಾಡದಲ್ಲಿ ಹುಟ್ಟಿದ ಬೇಂದ್ರೆ ಹಲವು ಮಕ್ಕಳ ಸಾವನ್ನು ಕಂಡವರು. ‘ನರಬಲಿ’ ಕವಿತೆಗಾಗಿ 1932ರಲ್ಲಿ ಸೆರೆವಾಸವನ್ನೂ ಅನುಭವಿಸಿದವರು. ಅವರ ‘ಯುಗಾದಿ’ ಕವಿತೆಯಲ್ಲಿ ಹೊಂಗೆಯೂ ಬೇವೂ ಹೂವಾಗಿವೆ, ದುಂಬಿಗಳು ಮೊರೆಯುತ್ತಿವೆ. ಆದರೆ ಹಬ್ಬದ ನಡುವೆಯೇ ಒಂದು ದೂರು ಏಳುತ್ತದೆ: ಗಿಡಮರಗಳಿಗೆ ವರ್ಷವರ್ಷವೂ ಹೊಸ ಹರೆಯ, ಮನುಷ್ಯನಿಗೆ ಮಾತ್ರ ಒಂದೇ ಬಾಲ್ಯ, ಒಂದೇ ಹರೆಯ ಏಕೆ? ಈ ಪ್ರಶ್ನೆಗೆ ಕವಿತೆ ಸಮಾಧಾನದ ಉತ್ತರ ಕೊಡುವುದಿಲ್ಲ; ದೂರು ದೂರಾಗಿಯೇ ಉಳಿಯುತ್ತದೆ. ಕಹಿಯಾದ ಬೇವಿನಲ್ಲೂ ಹೂವಿನ ನಸುಗಂಪು ಇದೆಯೆಂಬ ಕಾಣ್ಕೆಯೂ ಅದರ ಪಕ್ಕದಲ್ಲೇ ಉಳಿಯುತ್ತದೆ. ಯುಗಾದಿಯಂದು ಬೇವು ಬೆಲ್ಲಗಳನ್ನು ಒಟ್ಟಿಗೆ ತಿನ್ನುವ ಆಚಾರ ಇಲ್ಲಿ ಕಾವ್ಯದ ರಚನಾತತ್ತ್ವವೇ ಆಗಿದೆ. 1963ರ ‘ಕುಲವಧು’ ಚಲನಚಿತ್ರದ ಮೂಲಕ ಈ ಹಾಡು ನಾಡಿನ ಮನೆಮನೆಯ ಹಬ್ಬದ ಹಾಡಾಯಿತು. ಸಾವನ್ನು ಕುರಿತ ಪ್ರಶ್ನೆಯೊಂದನ್ನು ಕನ್ನಡಿಗರು ಪ್ರತಿವರ್ಷ ಹಬ್ಬದ ದಿನವೇ ಹಾಡಿಕೊಳ್ಳುತ್ತಾರೆ.

ಉಪಸಂಹಾರ

1592ರ ನಾಟಕದಿಂದ 1926ರ ಕನ್ನಡ ಗೀತೆಯವರೆಗಿನ ಈ ದಾರಿಯನ್ನು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ವಸಂತದ ಹೂವು ಕಾವ್ಯದಲ್ಲಿ ಭರವಸೆಯ ಗುರುತಾಗುವುದು ಅದು ಚೆಲುವಾಗಿರುವುದರಿಂದ ಮಾತ್ರವಲ್ಲ. ಹೂವಿನ ಕಾಲ ಜನ ಮತ್ತೆ ಕೂಡುವ ಕಾಲವೂ ಆಗಿರುವುದರಿಂದ. ಹೂವು ತನ್ನಷ್ಟಕ್ಕೆ ಅರಳುತ್ತದೆ. ಜಾತ್ರೆ ತನ್ನಷ್ಟಕ್ಕೆ ನೆರೆಯುವುದಿಲ್ಲ. ಅದಕ್ಕೆ ಬದುಕಿ ಉಳಿದ ಜನ ಬೇಕು, ಅವರಲ್ಲಿ ಪರಸ್ಪರ ನಂಬಿಕೆ ಬೇಕು.

ಈ ವ್ಯತ್ಯಾಸ ಇಡೀ ನಾಡಿಗೆ ಮತ್ತೊಮ್ಮೆ ಅರಿವಾದದ್ದು 2020ರಲ್ಲಿ. ಕೋವಿಡ್ ಪಿಡುಗನ್ನು ತಡೆಯಲು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದ ಮಾರ್ಚ್ 25 ಯುಗಾದಿಯ ದಿನವಾಗಿತ್ತು. ಪ್ಲೇಗಿನ ಕಾಲದ 1897ರ ಕಾಯಿದೆಯೇ ಮತ್ತೆ ಬಳಕೆಗೆ ಬಂದಿತು. ಹೊಂಗೆ, ಬೇವು, ಮಾವುಗಳಿಗೆ ಅದು ಎಂದಿನಂತೆ ಹೂವಿನ ಕಾಲ. ಬೀದಿಗಳಲ್ಲಿ ಜನವಿರಲಿಲ್ಲ, ಜಾತ್ರೆಗಳು ನಿಂತುಹೋದುವು. ಶಾಲೆಯಲ್ಲಿ ಕಲಿತ ವಸಂತಗೀತೆಯ ಕೊನೆಯ ಚರಣದಲ್ಲಿ ಜಾತ್ರೆಯ ಗುಂಪು ಏಕೆ ಬಂದಿದೆಯೆಂಬುದಕ್ಕೆ ಆ ವರ್ಷದ ಬೀದಿಗಳೇ ವ್ಯಾಖ್ಯಾನವಾಗಿದ್ದುವು.