‘ಮೈಸೂರು’ ಎಂಬ ಯುದ್ಧನೌಕೆ

ಹಿಂಡನ್ ನದಿಯ ಬಯಲಿನಲ್ಲಿ ಎದ್ದ ನಮ್ಮ ಇಂದಿರಾಪುರಂಗೂ ಕಡಲಿಗೂ ನೂರಾರು ಮೈಲಿಯ ಅಂತರ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಕಾರವಾರದ ಕಡಲನ್ನು ಕಂಡವರಲ್ಲ. ಹೀಗಿರಲು, ಈ ರಾಜ್ಯೋತ್ಸವದ ಪ್ರದರ್ಶನಕ್ಕೆ ಯುದ್ಧನೌಕೆಯೊಂದರ ಮಾದರಿಯನ್ನು ಮಾಡಿಡೋಣವೆಂದು ನಾವು ಕೆಲವರು ಹೊರಟಾಗ, “ಇದೆಲ್ಲಿಯ ಹುಚ್ಚು? ಹಂಪೆಯ ಕಲ್ಲಿನ ರಥ ಮಾಡಬಾರದೇ?” ಎಂದು ಹಿರಿಯರು ನಕ್ಕದ್ದು ಸಹಜವೇ. ರಥವನ್ನು ಎರಡು ಸಲ ಮಾಡಿ ಆಗಿದೆಯೆಂದು ನಾವು ಬಿನ್ನವಿಸಿಕೊಂಡೆವು. ಹಡಗಿನ ಹೆಸರು ‘ಮೈಸೂರು’ ಎಂದು ತಿಳಿದ ಮೇಲೆ ನಗು ನಿಂತಿತು.

ಭಾರತದ ನೌಕಾಪಡೆಯಲ್ಲಿ ಈ ಹೆಸರನ್ನು ಹೊತ್ತ ಹಡಗುಗಳು ಎರಡು. ೧೯೯೯ರ ಜೂನ್ ೨ರಂದು ಸೇವೆಗೆ ಸೇರಿದ ಇಂದಿನ ಐಎನ್‌ಎಸ್ ಮೈಸೂರು ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ಕಟ್ಟಿದ್ದು. ನಾವು ಆರಿಸಿಕೊಂಡದ್ದು ಅದರ ಹಿರಿಯಕ್ಕನನ್ನು, ೧೯೫೭ರಿಂದ ೧೯೮೫ರವರೆಗೆ ದುಡಿದ ಕ್ರೂಸರ್ ನೌಕೆಯನ್ನು.

ಅಳತೆ ಇನ್ನೂರಕ್ಕೆ ಒಂದು. ೫೫೫ ಅಡಿಗೂ ಮಿಕ್ಕ ಉದ್ದದ ಹಡಗು ಈ ಲೆಕ್ಕದಲ್ಲಿ ಮೂವತ್ತಮೂರು ಅಂಗುಲಕ್ಕೆ ಇಳಿಯುತ್ತದೆ. ೬೨ ಅಡಿಯ ಅಗಲ ನಾಲ್ಕು ಅಂಗುಲಕ್ಕೂ ಕಡಮೆ. ಡೆಕ್ಕಿನ ಮೇಲೆ ನಿಂತ ನಾವಿಕ ಒಂದು ಭತ್ತದ ಕಾಳಿನಷ್ಟು. ನಕ್ಷೆಯ ಅಡ್ಡಗೆರೆಗಳಂತೆ ಹಲಗೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೆಟ್ಟಿಲಿನಂತೆ ಕಾಣುವ ಆ ಅಂಚುಗಳನ್ನು ಕೀಸುಳಿಯಿಂದ ಹೆರೆದು ಉಪ್ಪುಕಾಗದದಿಂದ ತಿಕ್ಕಿದರೆ ಹಡಗಿನ ಒಡಲು ಮೂಡುತ್ತದೆ. ಫಿರಂಗಿಯ ನಳಿಗೆಗಳಿಗೆ ಇಂಜೆಕ್ಷನ್ ಸೂಜಿಗಿಂತ ಒಳ್ಳೆಯ ವಸ್ತು ಇಲ್ಲ. ಬಣ್ಣದ ವಿಷಯದಲ್ಲಿ ಒಂದು ಸೂಕ್ಷ್ಮವುಂಟು: ನಿಜವಾದ ಹಡಗಿನ ಬೂದುಬಣ್ಣವನ್ನೇ ಬಳಿದರೆ ಮಾದರಿ ಮಂಕಾಗಿ ಕಾಣುತ್ತದೆ. ದೂರದ ಹಡಗು ಕಣ್ಣಿಗೆ ತಿಳಿಯಾಗಿ ತೋರುವುದರಿಂದ, ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಬೇಕು. ಇದನ್ನು ನಾವು ಕಲಿತದ್ದು ಒಂದು ಡಬ್ಬಿ ಬಣ್ಣ ಹಾಳಾದ ಮೇಲೆ.

ನಮಗೆ ದೊರೆತ ನಕ್ಷೆಯಲ್ಲಿ ಫಿರಂಗಿಗೋಪುರಗಳು ನಾಲ್ಕು: ಮುಂದೆ ಎರಡು, ಹಿಂದೆ ಎರಡು, ಒಂದೊಂದರಲ್ಲಿ ಮೂರು ನಳಿಗೆ. ನಾಲ್ಕನ್ನೂ ಮಾಡಿ ಕೂರಿಸಿಯಾಯಿತು. ಏಳನೆಯ ತರಗತಿಯ ಹುಡುಗನೊಬ್ಬ ‘ಮೈಸೂರು’ ನೌಕೆಯ ಹಳೆಯ ಛಾಯಾಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, “ಅಂಕಲ್, ಇಲ್ಲಿ ಮೂರೇ ಇದೆಯಲ್ಲ?” ಎಂದ. ನಾವು ಎಣಿಸಿದೆವು. ಮೂರೇ! ಕೂವೆಮರಗಳೂ ಬೇರೆ, ನಕ್ಷೆಯಲ್ಲಿ ಮುಕ್ಕಾಲಿಯಂತೆ ನಿಂತದ್ದು ಚಿತ್ರದಲ್ಲಿ ಜಾಲರಿಯಾಗಿತ್ತು. ನಾವು ಕಟ್ಟುತ್ತಿದ್ದುದು ‘ಮೈಸೂರು’ ಅಲ್ಲ, ಅದರ ಪೂರ್ವಾಶ್ರಮ.

ಆ ಪೂರ್ವಾಶ್ರಮದ ಹೆಸರು ‘ನೈಜೀರಿಯಾ’. ಇಂಗ್ಲೆಂಡಿನ ನ್ಯೂಕಾಸಲ್ ಬಳಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್ ಕಟ್ಟೆಯಲ್ಲಿ ಕಟ್ಟಲ್ಪಟ್ಟು, ೧೯೩೯ರ ಜುಲೈ ೧೮ರಂದು ನೀರಿಗಿಳಿದು, ೧೯೪೦ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ನೌಕಾಪಡೆಗೆ ಸೇರಿತು. ೧೯೪೧ರ ಜೂನ್ ೨೮ರಂದು, ಯಾನ್ ಮಾಯೆನ್ ದ್ವೀಪದಾಚೆಯ ಮಂಜಿನ ಕಡಲಿನಲ್ಲಿ, ಇದೂ ಜತೆಯ ಮೂರು ಡಿಸ್ಟ್ರಾಯರುಗಳೂ ಸೇರಿ ‘ಲಾವೆನ್‌ಬುರ್ಗ್’ ಎಂಬ ಜರ್ಮನ್ ಹಡಗನ್ನು ಹಿಡಿದವು. ಅದು ಹವಾಮಾನದ ವರದಿ ಕಳುಹಿಸುತ್ತಿದ್ದ ಮೀನುಗಾರಿಕೆಯ ಹಡಗು, ಅಷ್ಟೆ. ಆದರೆ ಅದರಲ್ಲಿ ಸಿಕ್ಕ ಕಾಗದಗಳಿಂದ ಜರ್ಮನರ ‘ಎನಿಗ್ಮಾ’ ಗೂಢಲಿಪಿಯನ್ನು ಓದಲು ಬ್ರಿಟಿಷರಿಗೆ ಅನುಕೂಲವಾಯಿತು.

ಮರುವರ್ಷ ಏಟು ತಿನ್ನುವ ಸರದಿ ಬಂದಿತು. ಹಸಿವಿನಿಂದ ಶರಣಾಗುವ ಸ್ಥಿತಿಯಲ್ಲಿದ್ದ ಮಾಲ್ಟಾ ದ್ವೀಪಕ್ಕೆ ೧೯೪೨ರ ಆಗಸ್ಟಿನಲ್ಲಿ ಹದಿನಾಲ್ಕು ಸರಕುಹಡಗುಗಳು ಹೊರಟವು. ಕೊನೆಯವರೆಗೂ ಜತೆ ಹೋಗಬೇಕಾಗಿದ್ದ ಕಾವಲು ಪಡೆಯ ನಾಯಕ ರಿಯರ್ ಅಡ್ಮಿರಲ್ ಬರೋ ಅವರ ಧ್ವಜ ‘ನೈಜೀರಿಯಾ’ದ ಮೇಲಿತ್ತು. ೧೨ರ ಸಂಜೆ ಇಟಲಿಯ ‘ಆಕ್ಸುಮ್’ ಎಂಬ ಜಲಾಂತರ್ಗಾಮಿ ಒಮ್ಮೆಗೇ ಬಿಟ್ಟ ನಾಲ್ಕು ಟಾರ್ಪೆಡೊಗಳು ಮೂರು ಹಡಗುಗಳಿಗೆ ಬಡಿದವು: ‘ನೈಜೀರಿಯಾ’, ‘ಕೈರೋ’, ಮತ್ತು ಎಣ್ಣೆ ಹೊತ್ತ ‘ಒಹಾಯೊ’. ‘ಕೈರೋ’ ಉಳಿಯಲಿಲ್ಲ. ‘ನೈಜೀರಿಯಾ’ದಲ್ಲಿ ೫೨ ಮಂದಿ ಸತ್ತರು. ಅಡ್ಮಿರಲ್ಲರು ಬೇರೊಂದು ಹಡಗಿಗೆ ದಾಟಿ ಮುಂದೆ ನಡೆದರು. ಗಾಯಗೊಂಡ ನೌಕೆ ಜಿಬ್ರಾಲ್ಟರಿಗೆ ತೆವಳಿತು. ಹದಿನಾಲ್ಕರಲ್ಲಿ ಮಾಲ್ಟಾ ಮುಟ್ಟಿದ್ದು ಐದು. ಅಮೆರಿಕದಲ್ಲಿ ದುರಸ್ತಿಯಾದ ಮೇಲೆ ‘ನೈಜೀರಿಯಾ’ ಹಿಂದೂ ಮಹಾಸಾಗರಕ್ಕೆ ಬಂದು, ೧೯೪೪ರ ಜುಲೈ ೨೫ರಂದು ಸುಮಾತ್ರಾದ ಸಬಾಂಗ್ ಬಂದರಿನ ಮೇಲೆ ಗುಂಡು ಹಾರಿಸಿತು. ನಮ್ಮದಾಗುವ ಮುನ್ನವೇ ನಮ್ಮ ನೀರನ್ನು ಕಂಡಿತ್ತೆನ್ನಬೇಕು.

೧೯೫೪ರಲ್ಲಿ ಭಾರತ ಸರಕಾರ ಇದನ್ನು ಮೂರು ಲಕ್ಷ ಪೌಂಡಿಗೆ ಕೊಂಡಿತು. ಬರ್ಕನ್‌ಹೆಡ್ಡಿನಲ್ಲಿ ನಡೆದ ಪುನರ್ನಿರ್ಮಾಣ ಮುಗಿದು ನಮ್ಮವರ ಕೈಗೆ ಬರುವ ಹೊತ್ತಿಗೆ ಹಿಂದಿನ ಮೇಲುಗೋಪುರ ಹೋಗಿ ಹನ್ನೆರಡು ದೊಡ್ಡ ಫಿರಂಗಿಗಳು ಒಂಬತ್ತಾಗಿದ್ದವು. ೧೯೫೭ರ ಆಗಸ್ಟ್ ೨೯ರಂದು ಹೆಸರು ‘ಮೈಸೂರು’ ಎಂದಾಯಿತು. ಕನ್ನಡ ನಾಡು ಒಂದಾಗಿ ವಿಶಾಲ ಮೈಸೂರು ರಾಜ್ಯವಾಗಿ ಆಗ ಇನ್ನೂ ಹತ್ತು ತಿಂಗಳು ತುಂಬಿರಲಿಲ್ಲ. ಲಾಂಛನ ನಮ್ಮ ಗಂಡಭೇರುಂಡ. ಧ್ಯೇಯವಾಕ್ಯ ಸಂಸ್ಕೃತದ್ದು; ತೈತ್ತಿರೀಯ ಉಪನಿಷತ್ತಿನಿಂದ ಬಂದ ಅದರ ತಾತ್ಪರ್ಯ ‘ಎಂದೆಂದಿಗೂ ಅಂಜದು’ ಎಂದು. ಮೊದಲ ಕ್ಯಾಪ್ಟನ್ ಎಸ್. ಎಂ. ನಂದಾ, ೧೯೭೧ರ ಯುದ್ಧದ ಕಾಲಕ್ಕೆ ನೌಕಾಪಡೆಯ ಮುಖ್ಯಸ್ಥರಾಗಿದ್ದವರು.

ಅಂದಿನ ನೌಕಾಪಡೆಯಲ್ಲಿ ಕ್ರೂಸರುಗಳು ಎರಡೇ: ‘ದೆಹಲಿ’ ಮತ್ತು ‘ಮೈಸೂರು’. ನಮ್ಮಂತೆ ಒಂದರಲ್ಲಿ ಹುಟ್ಟಿ ಇನ್ನೊಂದರ ಮಗ್ಗುಲಲ್ಲಿ ಬಾಳುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಬೇಕೆ? ‘ಮೈಸೂರಿ’ನ ದಾಖಲೆಯೆಲ್ಲ ಕೀರ್ತಿಯದೇ ಎಂದು ಮಾತ್ರ ಹೇಳಲಾಗದು. ೧೯೫೯ರ ಆಗಸ್ಟಿನಲ್ಲಿ ಸಿಂಹಳದ ಬಳಿ ಸಮರಾಭ್ಯಾಸದಲ್ಲಿ ‘ಹೋಗ್’ ಎಂಬ ಬ್ರಿಟಿಷ್ ಡಿಸ್ಟ್ರಾಯರಿಗೆ ಡಿಕ್ಕಿ ಹೊಡೆಯಿತು. ಆ ಹಡಗಿನ ಮೂತಿ ಜಜ್ಜಿಹೋಗಿ ಮತ್ತೆ ಕೆಲಸಕ್ಕೆ ಬಾರದಾಯಿತು.

ಇನ್ನು ಅಂಜದೀವದ ಮಾತು. ಕಾರವಾರದ ದಕ್ಷಿಣಕ್ಕೆ, ಬಿಣಗಾ ತೀರದೆದುರು, ಕೂಗಳತೆಗೆ ತುಸು ಮಿಕ್ಕ ದೂರದಲ್ಲಿ ಈ ದ್ವೀಪವಿದೆ. ವಾಸ್ಕೋ ಡ ಗಾಮ ೧೪೯೮ರಲ್ಲಿ ಹಿಂದಿರುಗುವಾಗ ಇಲ್ಲಿ ತಂಗಿದ್ದ. ನೆಲ ನಮ್ಮ ಮಗ್ಗುಲಿನದು, ಆಳಿದವರು ಗೋವೆಯ ಪೋರ್ತುಗೀಸರು. ೧೯೬೧ರ ನವೆಂಬರಿನಲ್ಲಿ ‘ಸಬರಮತಿ’ ಎಂಬ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಈ ದ್ವೀಪದಿಂದ ಗುಂಡು ಹಾರಿತು. ಮೀನುಗಾರನೊಬ್ಬ ಪ್ರಾಣ ಬಿಟ್ಟ. ಗೋವೆಯ ವಿಮೋಚನೆಗೆ ಸೇನೆ ನಡೆದಾಗ, ಡಿಸೆಂಬರ್ ೧೮ರಂದು, ಅಂಜದೀವವನ್ನು ವಶಪಡಿಸಿಕೊಳ್ಳುವ ಕೆಲಸ ‘ಮೈಸೂರು’ ಮತ್ತು ‘ತ್ರಿಶೂಲ್’ ನೌಕೆಗಳ ಪಾಲಿಗೆ ಬಂದಿತು. ನಾವಿಕರ ಮೊದಲ ತಂಡ ದೋಣಿಯಲ್ಲಿ ಹೋಗಿ ದ್ವೀಪಕ್ಕೆ ಇಳಿಯಿತು. ಎರಡನೆಯ ತಂಡ ದಡ ಸೇರುವಾಗ ಮೆಷಿನ್‌ಗನ್ನುಗಳು ಸುರಿಯತೊಡಗಿದವು. ಹಡಗುಗಳ ಫಿರಂಗಿಗಳು ಉತ್ತರ ಕೊಟ್ಟವು. ಮರುದಿನ ಅಲ್ಲಿ ಉಳಿದವರು ಶರಣಾದರು. ಅಷ್ಟರಲ್ಲಿ ನಮ್ಮ ಏಳು ನಾವಿಕರು ಸತ್ತಿದ್ದರು, ಹತ್ತೊಂಬತ್ತು ಮಂದಿ ಗಾಯಗೊಂಡಿದ್ದರು. ಅಂಜದ ಹಡಗಿಗೆ ಅಂಜದೀವವೇ ಎದುರಾದುದು ಬರಿಯ ಶ್ಲೇಷೆ. ಅದನ್ನು ವ್ಯುತ್ಪತ್ತಿಯೆಂದು ಯಾರೂ ತಿಳಿಯಬಾರದು.

ಗೋವೆಯ ಕಥೆಯಲ್ಲಿ ಈ ಏಳು ಮಂದಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಕನ್ನಡ ನಾಡಿನ ಹೆಸರಿನ ಹಡಗು ಕನ್ನಡದ ಕರಾವಳಿಯ ಕಣ್ಣೆದುರಿನಲ್ಲೇ ಹೋರಾಡಿದುದನ್ನು ಮೈಸೂರಿನವರಾದ ನಾವೇ ಈ ಮರದ ತುಂಡು ಕೈಗೆ ಬರುವವರೆಗೆ ಅರಿತಿರಲಿಲ್ಲ. ಇಂದು ಆ ದ್ವೀಪ ಕಾರವಾರದ ನೌಕಾನೆಲೆಯೊಳಗೆ ಸೇರಿದೆ. ೨೦೦೫ರಲ್ಲಿ ಆರಂಭವಾದ ಆ ನೆಲೆಗೆ ಬನವಾಸಿಯ ಕದಂಬರ ಹೆಸರು.

೧೯೭೧ರ ಯುದ್ಧದಲ್ಲಿ ‘ಮೈಸೂರು’ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು. ೧೯೭೩ರಲ್ಲಿ ರಾಜ್ಯ ಕರ್ನಾಟಕವಾಯಿತು, ಹಡಗು ಮೈಸೂರಾಗಿಯೇ ಉಳಿಯಿತು. ಕಡೆಗಾಲದಲ್ಲಿ ಎಳೆಯ ಅಧಿಕಾರಿಗಳಿಗೆ ಪಾಠಶಾಲೆಯಾಗಿದ್ದು, ೧೯೮೫ರ ಆಗಸ್ಟ್ ೨೦ರಂದು ನಿವೃತ್ತವಾಯಿತು.

ಹುಡುಗ ತಪ್ಪು ಹಿಡಿದ ಮೇಲೆ ನಮ್ಮಲ್ಲಿ ಎರಡು ಪಕ್ಷವಾಯಿತು. ನಾಲ್ಕು ಗೋಪುರದ ‘ನೈಜೀರಿಯಾ’ವೇ ಚೆಲುವು, ಮಾಡಿದ್ದನ್ನು ಏಕೆ ಕೀಳಬೇಕೆಂದು ಒಂದು ಪಕ್ಷ. ಮಾದರಿಯೆಂಬುದು ಹಡಗಿನ ಆಯುಷ್ಯವನ್ನೆಲ್ಲ ತೋರಲಾರದು, ಒಂದು ದಿನವನ್ನಷ್ಟೇ ತೋರಬಲ್ಲದು. ಆ ದಿನ ಯಾವುದೆಂದು ಮೊದಲು ಗೊತ್ತುಮಾಡಿರೆಂದು ಇನ್ನೊಂದು ಪಕ್ಷ. ಎರಡು ಭಾನುವಾರ ವಾದ ನಡೆಯಿತು. ಕೊನೆಗೆ ಗೋಪುರವನ್ನು ಕಿತ್ತು, ಉಳಿದ ತೂತನ್ನು ಮರದ ಹುಡಿ ಮತ್ತು ಅಂಟಿನಿಂದ ಮುಚ್ಚಿದೆವು. ಫಲಕದ ಮೇಲೆ ‘ಮೈಸೂರು, ೧೮ ಡಿಸೆಂಬರ್ ೧೯೬೧’ ಎಂದು ಬರೆಯುವುದಾಗಿ ತೀರ್ಮಾನವಾಗಿದೆ. ಹಬ್ಬ ಮುಗಿದ ಮೇಲೆ ಮಕ್ಕಳನ್ನು ಇಂಡಿಯಾ ಗೇಟಿನ ಬಳಿಯ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಕರೆದೊಯ್ದು, ಅಲ್ಲಿನ ಕಲ್ಲಿನ ಗೋಡೆಗಳಲ್ಲಿ ಆ ಏಳು ಹೆಸರುಗಳನ್ನು ಹುಡುಕಬೇಕೆಂದಿದ್ದೇವೆ.

ಮಾದರಿಯನ್ನು ಸಭಾಂಗಣದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಲಾಗುವುದು. ಮಕ್ಕಳು ಮುಟ್ಟಬಾರದೆಂದಲ್ಲ, ಹಿಂದಿನ ಜಾಲರಿ ಕೂವೆಮರದ ಬೆಸುಗೆಯ ಮೇಲೆ ನಮಗೇ ಇನ್ನೂ ನಂಬಿಕೆ ಬಂದಿಲ್ಲ.